ಎರಡನೇ ಕೊಂಬು

(ಶಾಲೆಯ ಸುವರ್ಣ ಮಹೋತ್ಸವದ ಎರಡನೇ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತಿನ ಬರಹ ರೂಪ)



ಸಮಿತಿಯವರು ಫೋನ್ ಮಾಡಿ, "ನೀವು ಸಾಫ್ಟ್‌ವೇರ್‌ನಲ್ಲಿದ್ದೀರಿ, ಫಾರಿನ್ನಲ್ಲಿ ಇದ್ದು ಬಂದಿದ್ದೀರಿ, ಮಕ್ಕಳಿಗೆ ಉಪಯೋಗವಾಗುವ ಹಾಗೆ ಇಪ್ಪತ್ತು ನಿಮಿಷ ಮಾತಾಡಿ" ಅಂದರು. ಉದ್ಯೋಗದ ವಿಷಯ ಕೇಳಬೇಕೆನ್ನುವವರು ಊಟದ ಹೊತ್ತಿನಲ್ಲಿ ಸಾಂಬಾರ್ ಬಡಿಸುವ ಕಡೆ ಸಿಗಿ, ಗೊತ್ತಿದ್ದದ್ದನ್ನೆಲ್ಲ ಹೇಳುತ್ತೇನೆ. ಮೈಕಿನ ಮುಂದೆ ಬೇರೆ ಮಾತು ಆಡಬೇಕು ಅಂದುಕೊಂಡು ಬಂದಿದ್ದೇನೆ. ಈ ಮೇಜಿನ ಮೇಲಿರುವ ಕಪ್ಪು ಪೆಟ್ಟಿಗೆಯನ್ನು ಬೆಳಗ್ಗೆಯಿಂದ ಎಲ್ಲರೂ ನೋಡುತ್ತಿದ್ದೀರಿ. ಹೊಲಿಗೆ ಮಿಷನ್ ಇರಬೇಕು ಅಂತ ಯಾರೋ ಹೇಳಿದ್ದು ನನ್ನ ಕಿವಿಗೂ ಬಿತ್ತು. ಇದರೊಳಗೆ ಇರುವುದು ಒಂದು ಕೊಂಬು.

ಇಂಗ್ಲಿಷಿನವರು ಇದನ್ನು ಫ್ರೆಂಚ್ ಹಾರ್ನ್ ಅನ್ನುತ್ತಾರೆ. ಜರ್ಮನಿಯವರು ಬರೀ ಹಾರ್ನ್ ಅನ್ನುತ್ತಾರೆ, ಹಳೆಯ ರೂಢಿಯಲ್ಲಿ ವಾಲ್ಡ್‌ಹಾರ್ನ್, ಅಂದರೆ ಕಾಡಿನ ಕೊಂಬು. ಬೇಟೆಗಾರರು ಕುದುರೆ ಮೇಲೆ ಹೋಗುವಾಗ ಹೆಗಲಿಗೆ ಹಾಕಿಕೊಂಡು ಊದುತ್ತಿದ್ದದ್ದು. ಈ ಸುರುಳಿಯನ್ನೆಲ್ಲ ಬಿಚ್ಚಿ ನೆಟ್ಟಗೆ ಮಾಡಿದರೆ ಸುಮಾರು ಹನ್ನೆರಡು ಅಡಿ ಕೊಳವೆ. ಒಂದು ಕಡೆ ತುಟಿ ಇಡುವ ಜಾಗ ಎಂಟಾಣೆ ನಾಣ್ಯಕ್ಕಿಂತ ಚಿಕ್ಕದು, ಇನ್ನೊಂದು ಕಡೆ ಬಾಯಿ ಮೊರದಷ್ಟು ಅಗಲ ಅನ್ನಿಸುವ ಹಾಗಿದೆ. ಒಳ್ಳೆಯದೊಂದು ಕೊಳ್ಳುವುದಾದರೆ ಒಂದು ಟ್ರ್ಯಾಕ್ಟರಿನ ಬೆಲೆ. ಇದು ಅಷ್ಟು ಒಳ್ಳೆಯದಲ್ಲ, ಒಬ್ಬರು ಊದಿ ಬಿಟ್ಟ ಸೆಕೆಂಡ್ ಹ್ಯಾಂಡ್.

ಇದರ ಕಥೆಗೆ ಹೋಗುವ ಮೊದಲು ಇನ್ನೊಂದು ಕೊಂಬಿನ ಮಾತು ಹೇಳಬೇಕು. ಇಲ್ಲಿರುವ ಹಿರಿಯರಿಗೆಲ್ಲ ಗೊತ್ತು, ನನ್ನ ಬ್ಯಾಚಿನವರಿಗೆ ಗೊತ್ತು, ಆದರೂ ಈ ಶಾಲೆಯ ಅಂಗಳದಲ್ಲಿ ನಾನು ಒಂದು ಸಲವೂ ಬಾಯಿಬಿಟ್ಟು ಹೇಳಿರಲಿಲ್ಲ. ನಮ್ಮ ತಾತ ಮಾರಮ್ಮನ ಹಬ್ಬದಲ್ಲಿ ಕೊಂಬು ಊದುತ್ತಿದ್ದವರು. ತಾತ ಮತ್ತು ತಾತನ ಅಣ್ಣ, ಇಬ್ಬರು. ಸತ್ತಿಗೆ ಸೂರಿಪಾನಿ ಹೊರಡುವಾಗ ಮುಂದೆ ತಮಟೆ, ಅದರ ಹಿಂದೆ ಇವರಿಬ್ಬರ ಕೊಂಬು. ಕೊಂಡದ ದಿನ ಬೆಳಗಿನ ಜಾವ ದೇವರು ಬರುವವರೆಗೆ ಊದಬೇಕು. ಊದಿದ್ದಕ್ಕೆ ಸುಗ್ಗಿಯಲ್ಲಿ ಕಣದ ಹತ್ತಿರ ನಿಂತರೆ ಆಯ ಅಂತ ಒಂದಿಷ್ಟು ರಾಗಿ. ಗುಡಿಯ ಹೊಸಿಲಿನಿಂದ ಎಷ್ಟು ದೂರ ನಿಲ್ಲಬೇಕು ಅನ್ನುವುದನ್ನು ಯಾರೂ ಗೆರೆ ಎಳೆದು ತೋರಿಸಿರಲಿಲ್ಲ. ತಾತನ ಕಾಲಿಗೆ ಅದು ಗೊತ್ತಿತ್ತು.

ನಾನು ಎಂಟನೇ ತರಗತಿಗೆ ಸೇರಿದ ವರ್ಷ ನಮ್ಮ ಪಿ.ಟಿ. ಮೇಷ್ಟ್ರು ಆಗಸ್ಟ್ ಹದಿನೈದಕ್ಕೆ ಬ್ಯಾಂಡ್ ಕಟ್ಟಬೇಕು ಅಂತ ಹೊರಟರು. ಎರಡು ಡ್ರಮ್ಮು, ಒಂದು ಜೊತೆ ತಾಳ, ನಾಲ್ಕು ಬ್ಯೂಗಲ್. ಹುಡುಗರು ಸಾಲಾಗಿ ನಿಂತು ಒಬ್ಬೊಬ್ಬರೇ ಊದಿ ನೋಡಿದರು. ಬರೀ ಗಾಳಿ ಬಂತು, ಇಲ್ಲವೇ ಎಮ್ಮೆಕರು ಕೂಗಿದ ಹಾಗೆ ಬಂತು. ನನ್ನ ಸರದಿ ಬಂದಾಗ ನಾನು "ನಂಗೆ ಬರಲ್ಲ ಸಾರ್" ಅಂದೆ. ನಿಜಕ್ಕೂ ಬರುತ್ತಿತ್ತು. ನಾಲ್ಕೈದು ವರ್ಷದವನಿದ್ದಾಗಲೇ ತಾತ ಹಟ್ಟಿಯ ಹಿಂದೆ ಕೂರಿಸಿಕೊಂಡು ತುಟಿ ಹೇಗೆ ಬಿಗಿ ಹಿಡಿಯಬೇಕು ಅಂತ ತೋರಿಸಿದ್ದರು. "ಉಗುಳೋ ಹಂಗೆ ಮಾಡು, ಆದ್ರೆ ಉಗುಳ್ಬೇಡ" ಅನ್ನುತ್ತಿದ್ದರು. ಇಂದಿಗೂ ಹೊಸಬರಿಗೆ ಇದಕ್ಕಿಂತ ಚೆನ್ನಾಗಿ ಹೇಳಿಕೊಡುವುದು ನನಗೆ ಗೊತ್ತಿಲ್ಲ. ಆದರೆ ಹಿಂದಿನ ಸಾಲಿನಿಂದ ಯಾರೋ ತಾತನ ಹೆಸರು ಹಿಡಿದು ಕೂಗುತ್ತಾರೆ ಅನ್ನುವ ಭಯ ನನಗೆ. ಮೇಷ್ಟ್ರು ಬಿಡಲಿಲ್ಲ. ಸಂಜೆ ಬೆಲ್ಲಾದ ಮೇಲೆ ಒಬ್ಬನನ್ನೇ ನಿಲ್ಲಿಸಿಕೊಂಡು ಕೈಗೆ ಕೊಟ್ಟರು. ಊದಿದೆ. ಐದೂ ಸ್ವರ ಬಂತು. ಬ್ಯೂಗಲ್‌ನಲ್ಲಿ ಇರುವುದೇ ಐದು. ಮೇಷ್ಟ್ರು ಯಾರು ಕಲಿಸಿದರು ಅಂತ ಕೇಳಲಿಲ್ಲ. ಅವರಿಗೆ ಗೊತ್ತಿತ್ತು ಅಂತ ಈಗ ಅನ್ನಿಸುತ್ತದೆ.

ಆ ಆಗಸ್ಟ್ ಹದಿನೈದರಂದು ಧ್ವಜಾರೋಹಣಕ್ಕೆ ಬ್ಯೂಗಲ್ ಊದಿದವನು ನಾನು. ಊದಿ ಕೆಳಗಿಳಿಸಿದಾಗ ಆ ಕಡೆ, ಈಗ ಕೊಳಾಯಿ ಇದೆಯಲ್ಲ, ಅಲ್ಲಿ ಆಗ ಬೇಲಿ ಇತ್ತು, ಬೇಲಿಯ ಆಚೆ ತಾತ ನಿಂತಿದ್ದರು. ತಲೆ ಮೇಲಿನ ವಲ್ಲಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದರು. ಪಕ್ಕದಲ್ಲಿದ್ದ ಹುಡುಗ "ಅವರ್ಯಾರೋ ನಿನ್ನೇ ನೋಡ್ತಾವ್ರೆ" ಅಂದ. ನಾನು "ಗೊತ್ತಿಲ್ಲ" ಅಂದೆ. ತಾತನಿಗೆ ಕೇಳಿಸುವಷ್ಟು ಹತ್ತಿರವೇನೂ ಇರಲಿಲ್ಲ. ಸಿಹಿ ಹಂಚಿದ ಮೇಲೆ ನೋಡಿದರೆ ಹೋಗಿಬಿಟ್ಟಿದ್ದರು. ಮನೆಗೆ ಹೋದಾಗ "ಮೂರ್ನೇದು ವಸಿ ಅಳ್ಳಾಡ್ತು ಕಣಪ್ಪ" ಅಂದರು, ಅಷ್ಟೇ. ಮೂರನೇ ಸ್ವರ ಸ್ವಲ್ಪ ಅಲುಗಿತ್ತು, ನಿಜ.

ಇದನ್ನು ಇಲ್ಲಿಗೆ ಬಿಟ್ಟು ಮುಂದೆ ಹೋಗುತ್ತೇನೆ.

ಬಿ.ಇ.ಗೆ ಮೈಸೂರಿಗೆ ಹೋದೆ. ಹಾಸ್ಟೆಲಿನಲ್ಲಿ ಇದ್ದೆ. ದಸರೆಗೆ ಪೊಲೀಸ್ ಬ್ಯಾಂಡ್ ಬರುತ್ತದೆ, ಎಲ್ಲರೂ ಟಿ.ವಿ.ಯಲ್ಲಾದರೂ ನೋಡಿರುತ್ತೀರಿ. ಅರಮನೆಯ ಬ್ಯಾಂಡಿನ ಪರಂಪರೆ ಅದು. ಕರ್ನಾಟಕ ಸಂಗೀತ ನುಡಿಸುವ ಬ್ಯಾಂಡ್ ಒಂದು, ಇಂಗ್ಲಿಷ್ ಬ್ಯಾಂಡ್ ಒಂದು. ಆ ಬ್ಯಾಂಡಿನಿಂದ ನಿವೃತ್ತರಾದ ಒಬ್ಬರು ಮದುವೆ ಬ್ಯಾಂಡಿನ ಹುಡುಗರಿಗೆ ಪಾಠ ಹೇಳುತ್ತಿದ್ದರು. ಅವರ ಮನೆಯ ಗೋಡೆಗೆ ಒಂದು ಹಾರ್ನ್ ನೇತುಹಾಕಿತ್ತು. ನಾನು ಬ್ಯೂಗಲ್ ಬರುತ್ತದೆ ಅಂದದ್ದಕ್ಕೆ ಅದನ್ನು ಇಳಿಸಿ ಕೊಟ್ಟರು. ನಾಲ್ಕು ವರ್ಷ ಭಾನುವಾರ ಬೆಳಗ್ಗೆ ಅವರ ಮನೆ. ಐದು ಗೆರೆಯ ಮೇಲೆ ಬರೆಯುವ ಪಾಶ್ಚಾತ್ಯ ಸ್ವರಲಿಪಿ ಓದುವುದನ್ನು ಅಲ್ಲೇ ಕಲಿತೆ. ಫೀಸು ಕೇಳಲಿಲ್ಲ. ಹಾರ್ನ್ ಊದುವವರು ಯಾರೂ ಸಿಗುವುದಿಲ್ಲ, ಎಲ್ಲರಿಗೂ ಟ್ರಂಪೆಟ್ ಬೇಕು, ಬಾರಾತಿನಲ್ಲಿ ಕಾಣಿಸುತ್ತದಲ್ಲ, ಅದಕ್ಕೆ ನೀನು ಬಂದದ್ದೇ ಫೀಸು ಅನ್ನುತ್ತಿದ್ದರು.

ಎರಡನೇ ವರ್ಷದಲ್ಲಿ ತಾತ ಹೋದರು. ಪರೀಕ್ಷೆ ನಡೆಯುತ್ತಿತ್ತು, ನಾನು ಬರುವ ಹೊತ್ತಿಗೆ ಮಣ್ಣಾಗಿತ್ತು.

ಆಮೇಲೆ ಬೆಂಗಳೂರು, ಕೆಲಸ, ಪಿ.ಜಿ. ರೂಮು. ರೂಮಿನಲ್ಲಿ ಊದಿದರೆ ಪಕ್ಕದವರು ಗೋಡೆ ಗುದ್ದುತ್ತಾರೆ. ಕಾರಿನ ಗಾಜು ಏರಿಸಿಕೊಂಡು ಒಳಗೆ ಊದುತ್ತಿದ್ದೆ. ಅದೊಂದು ಆರು ವರ್ಷ. 2016ರಲ್ಲಿ ಕಂಪನಿಯವರು ಜರ್ಮನಿಗೆ ಕಳಿಸಿದರು, ದಕ್ಷಿಣ ಭಾಗದ ಒಂದು ವಿಶ್ವವಿದ್ಯಾಲಯದ ಊರಿಗೆ.

ಅಲ್ಲಿ ಒಂದು ಪದ್ಧತಿ ಇದೆ. ವಿಶ್ವವಿದ್ಯಾಲಯಗಳಲ್ಲಿ ಸಂಗೀತ ಓದದೆ ಇರುವವರದ್ದೇ ಆರ್ಕೆಸ್ಟ್ರಾ ಇರುತ್ತದೆ. ಆರ್ಕೆಸ್ಟ್ರಾ ಅಂದರೆ ನಮ್ಮಲ್ಲಿ ಗಣೇಶನ ಹಬ್ಬಕ್ಕೆ ಸಿನಿಮಾ ಹಾಡು ಹೇಳುವವರು. ಅಲ್ಲಿ ಹಾಗಲ್ಲ. ಎಪ್ಪತ್ತು ಎಂಬತ್ತು ಜನ ಕೂತು, ಬರೆದಿಟ್ಟ ಸಂಗೀತವನ್ನು ಒಬ್ಬ ನಿರ್ದೇಶಕರ ಕೈ ನೋಡಿಕೊಂಡು ನುಡಿಸುವುದು. ಡಾಕ್ಟರಿಕೆ ಓದುವವರು, ಫಿಸಿಕ್ಸ್ ಓದುವವರು, ಕಾನೂನು ಓದುವವರು, ಜೊತೆಗೆ ಓದು ಮುಗಿಸಿದ ಹಳಬರು. ವಯೊಲಿನ್‌ನವರು ಬೇಕಾದಷ್ಟು ಸಿಗುತ್ತಾರೆ. ಹಾರ್ನ್‌ನವರು ಸಿಗುವುದಿಲ್ಲ. ಮೈಸೂರಿನ ನನ್ನ ಗುರುಗಳು ಹೇಳಿದ ಮಾತು ಅಲ್ಲಿಯೂ ನಿಜವಾಗಿತ್ತು. ಹಾಗಾಗಿ ವಿದ್ಯಾರ್ಥಿಯಲ್ಲದಿದ್ದರೂ ನನ್ನನ್ನು ಬಾ ಅಂದರು, ಒಂದು ಪರೀಕ್ಷೆ ಮಾಡಿ. ಆ ಪರೀಕ್ಷೆ ಹೇಗಾಯಿತು ಅನ್ನುವುದು ಬೇಡ. ಇನ್ನೊಬ್ಬ ಅಭ್ಯರ್ಥಿ ಇರಲಿಲ್ಲ ಅನ್ನುವುದಷ್ಟೇ ಸಾಕು.

ಹಾರ್ನ್‌ನ ಕಷ್ಟ ಏನು ಅಂತ ಸ್ವಲ್ಪ ಹೇಳುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಹಬ್ಬದ ಕೊಂಬಿಗೆ ತೂತಿಲ್ಲ, ಗುಂಡಿಯಿಲ್ಲ. ಬ್ಯೂಗಲ್‌ಗೂ ಇಲ್ಲ. ತುಟಿ ಬಿಗಿ ಮಾಡಿದರೆ ಮೇಲಿನ ಸ್ವರ, ಸಡಿಲ ಬಿಟ್ಟರೆ ಕೆಳಗಿನ ಸ್ವರ. ಕೊಳವೆ ತನಗೆ ಒಗ್ಗಿದ ಕೆಲವೇ ಸ್ವರಗಳನ್ನು ಕೊಡುತ್ತದೆ, ಬೇರೆಯದು ಕೇಳಿದರೆ ಕೊಡುವುದಿಲ್ಲ. ಯುರೋಪಿನ ಹಾರ್ನ್ ಕೂಡ 1810ರ ದಶಕದವರೆಗೆ ಹೀಗೇ ಇತ್ತು. ಆಮೇಲೆ ಜರ್ಮನರು ಕವಾಟ ಸೇರಿಸಿದರು, ಇಗೋ ಎಡಗೈ ಬೆರಳಲ್ಲಿ ಒತ್ತುವ ಈ ಮೂರು ಸನ್ನೆಗಳು. ಒತ್ತಿದರೆ ಗಾಳಿ ಇನ್ನೊಂದು ಸುತ್ತು ಹಾಕಿ ಬರುತ್ತದೆ, ಕೊಳವೆ ಉದ್ದವಾದ ಹಾಗೆ ಆಗುತ್ತದೆ, ಬಿಟ್ಟುಹೋದ ಸ್ವರಗಳು ಸಿಗುತ್ತವೆ. ಆದರೂ ಸ್ವರವನ್ನು ಹುಡುಕುವುದು ತುಟಿಯೇ. ಇಷ್ಟುದ್ದದ ಕೊಳವೆಯಲ್ಲಿ ಮೇಲಿನ ಸ್ವರಗಳು ಒಂದಕ್ಕೊಂದು ಅಂಟಿಕೊಂಡ ಹಾಗೆ ಇರುತ್ತವೆ. ಕೂದಲೆಳೆಯಷ್ಟು ತಪ್ಪಿದರೆ ಪಕ್ಕದ ಸ್ವರಕ್ಕೆ ಕಾಲು ಜಾರುತ್ತದೆ, ಕೋಳಿ ಕೂಗಿದ ಹಾಗೆ ಒಡೆಯುತ್ತದೆ. ವಯೊಲಿನ್ ಸಾಲಿನಲ್ಲಿ ಒಬ್ಬರು ತಪ್ಪಿದರೆ ಪಕ್ಕದ ಹದಿಮೂರು ಜನ ಮುಚ್ಚಿಬಿಡುತ್ತಾರೆ. ಹಾರ್ನ್ ತಪ್ಪಿದರೆ ಬಾಲ್ಕನಿಯಲ್ಲಿ ಕೂತ ಮಗುವಿಗೂ ಗೊತ್ತಾಗುತ್ತದೆ.

ಇನ್ನೊಂದು ವಿಚಿತ್ರ. ಹಾರ್ನ್‌ನ ಬಾಯಿ ಹಿಂದಕ್ಕೆ ತಿರುಗಿರುತ್ತದೆ, ಬಲಗೈ ಅದರೊಳಗೆ. ನಾದ ಹಿಂದಿನ ಗೋಡೆಗೆ ಬಡಿದು ಆಮೇಲೆ ಜನರ ಕಡೆ ಬರುತ್ತದೆ. ನಿರ್ದೇಶಕರ ಕೈ ನೋಡಿ ಸರಿಯಾದ ಹೊತ್ತಿಗೆ ಊದಿದರೂ ಅವರಿಗೆ ತಡವಾಗಿ ಕೇಳುತ್ತದೆ. ಅದಕ್ಕೆ ಒಂದು ಕೂದಲಷ್ಟು ಮುಂಚೆ ಊದಬೇಕು. ಎಷ್ಟು ಮುಂಚೆ ಅಂದರೆ ಯಾರೂ ಹೇಳುವುದಿಲ್ಲ. ಮತ್ತೆ ಉಸಿರಿನ ಹಬೆ ಒಳಗೆ ತಣ್ಣಗಾಗಿ ನೀರು ನಿಲ್ಲುತ್ತದೆ, ಬಿಡುವು ಸಿಕ್ಕಾಗಲೆಲ್ಲ ಕೊಳವೆ ಕಳಚಿ ಕೊಡವಬೇಕು. ಅದು ಎಂಜಲಲ್ಲ, ಹಬೆಯ ನೀರು. ನನ್ನ ಹೆಂಡತಿ ಇದನ್ನು ಇಂದಿಗೂ ನಂಬುವುದಿಲ್ಲ.

ಚಳಿಗಾಲದ ಸೆಮಿಸ್ಟರಿಗೆ ಆರಿಸಿದ್ದು ಬ್ರಾಮ್ಸ್ ಅನ್ನುವ ಸಂಗೀತಕಾರರ ಮೊದಲನೇ ಸಿಂಫನಿ. ನಾಲ್ಕು ಭಾಗ, ಮುಕ್ಕಾಲು ಗಂಟೆ. ನಾಲ್ಕು ಹಾರ್ನ್ ಬೇಕು. ಮೊದಲನೆಯದಕ್ಕೆ ಡಾಕ್ಟರಿಕೆ ಓದುತ್ತಿದ್ದ ಇಪ್ಪತ್ತೆರಡರ ಹುಡುಗಿ, ಎರಡನೆಯದಕ್ಕೆ ನಾನು, ನಾಲ್ಕನೆಯದಕ್ಕೆ ನಿವೃತ್ತ ಗಣಿತದ ಮೇಷ್ಟ್ರು ಒಬ್ಬರು. ಎರಡನೇ ಹಾರ್ನ್ ಅಂದರೆ ಎರಡನೇ ದರ್ಜೆ ಅಂತಲ್ಲ. ಒಂದು ಮತ್ತು ಮೂರು ಮೇಲಿನ ಸ್ವರಗಳಿಗೆ, ಎರಡು ಮತ್ತು ನಾಲ್ಕು ಕೆಳಗಿನವಕ್ಕೆ. ಕಾಳು ಎತ್ತುವವರು ಬೇರೆ, ಮೂಟೆ ಹೊರುವವರು ಬೇರೆ ಅನ್ನುವ ಹಾಗೆ.

ಪ್ರತಿ ವಾರ ಒಂದು ಸಂಜೆ ಎರಡೂವರೆ ಗಂಟೆ ತಾಲೀಮು. ಒಬೊ ಅನ್ನುವ ವಾದ್ಯದವರು ಒಂದು ಸ್ವರ ಕೊಡುತ್ತಾರೆ, ಎಲ್ಲರೂ ಅದಕ್ಕೆ ಶ್ರುತಿ ಸೇರಿಸುತ್ತಾರೆ. ಗಡಿಯಾರ ನೋಡಿ ಶುರು, ಗಡಿಯಾರ ನೋಡಿ ಮುಕ್ತಾಯ. ನನಗೆ ಮೊದಲು ಆಶ್ಚರ್ಯವಾದದ್ದು ಎಷ್ಟು ಹೊತ್ತು ಸುಮ್ಮನೆ ಕೂರಬೇಕು ಅನ್ನುವುದು. ಹಾರ್ನ್‌ನವರು ನಲವತ್ತು ಐವತ್ತು ಆವರ್ತ ಎಣಿಸಿಕೊಂಡು ಕೂತು, ಎರಡು ಸ್ವರ ಊದಿ, ಮತ್ತೆ ಎಣಿಸಬೇಕು. ನಾನು ನಮ್ಮವ್ವ ಹಾಲಿನ ಲೆಕ್ಕ ಹಾಕುವ ಹಾಗೆ ಬೆರಳ ಗೆಣ್ಣಿನ ಮೇಲೆ ಎಣಿಸುತ್ತಿದ್ದೆ. ಒಂದು ಬೆರಳಿಗೆ ಮೂರು, ಒಂದು ಕೈಗೆ ಹನ್ನೆರಡು. ಗಣಿತದ ಮೇಷ್ಟ್ರು ಎರಡು ವಾರ ನೋಡಿ ಮೂರನೇ ವಾರ ತಾವೂ ಹಾಗೇ ಎಣಿಸಲು ಶುರು ಮಾಡಿದರು. ನಮಗಿಂತ ಪಾಪ ಟ್ರಾಂಬೋನಿನವರು. ಈ ಸಿಂಫನಿಯಲ್ಲಿ ಮೂರು ಭಾಗ ಮುಗಿಯುವವರೆಗೂ ಅವರಿಗೆ ಒಂದು ಸ್ವರವೂ ಇಲ್ಲ. ಅರ್ಧ ಗಂಟೆ ಕೂತು, ತಣ್ಣಗಾದ ವಾದ್ಯ ಎತ್ತಿ, ತುಂಬ ಮೆತ್ತಗೆ ನುಡಿಸಬೇಕು.

ಬ್ರಾಮ್ಸ್ ವಿಷಯ ಒಂದೆರಡು ಮಾತು. ಅವರ ತಂದೆ ಹ್ಯಾಂಬುರ್ಗಿನಲ್ಲಿ ಹಾರ್ನ್ ಮತ್ತು ಡಬಲ್ ಬೇಸ್ ನುಡಿಸಿ ಹೊಟ್ಟೆ ಹೊರೆದವರು. ಈ ಸಿಂಫನಿ ಮುಗಿಸುವ ಹೊತ್ತಿಗೆ ಮಗನಿಗೆ 43 ವರ್ಷ. 1876ರ ನವೆಂಬರ್ 4ರಂದು ಕಾರ್ಲ್ಸ್‌ರೂಹೆಯಲ್ಲಿ ಮೊದಲ ಸಲ ನುಡಿಸಿದರು, ನಾನಿದ್ದ ಊರಿಂದ ರೈಲಿನಲ್ಲಿ ಒಂದು ಗಂಟೆಯೊಳಗಿನ ದಾರಿ. ಇದರ ಕೊನೆಯ ಭಾಗದಲ್ಲಿ ಮೋಡ ಕವಿದ ಹಾಗೆ ಇದ್ದ ಸಂಗೀತ ಸರಿದು, ಒಂದು ಹಾರ್ನ್ ದನಿ ಎತ್ತುತ್ತದೆ. ಆ ಧಾಟಿ ಬ್ರಾಮ್ಸ್‌ಗೆ ಸಿಕ್ಕಿದ್ದು ಆಲ್ಪ್ಸ್ ಬೆಟ್ಟದಲ್ಲಿ, ದನ ಕಾಯುವವರು ಊದುವ ಉದ್ದನೆಯ ಮರದ ಕೊಂಬಿನಿಂದ. 1868ರಲ್ಲಿ ಅದನ್ನು ಒಂದು ಕಾಗದದಲ್ಲಿ ಬರೆದು ಕ್ಲಾರಾ ಶೂಮನ್ ಅನ್ನುವ ಪಿಯಾನೊ ವಾದಕಿಗೆ ಹುಟ್ಟುಹಬ್ಬಕ್ಕೆ ಕಳಿಸಿದ್ದರು. ಎಂಟು ವರ್ಷದ ಮೇಲೆ ಅದೇ ಧಾಟಿ ಸಿಂಫನಿಯೊಳಗೆ ಬಂತು. ದನಗಾಹಿಯ ಕೊಂಬು ಸಭಾಂಗಣದ ನಡುವೆ.

ಆ ಜಾಗದ ಹಾಳೆಯನ್ನು ಮೊದಲ ಸಲ ನೋಡಿದಾಗ ನನಗೆ ಗೊಂದಲವಾಯಿತು. ಧಾಟಿ ಮೊದಲ ಹಾರ್ನ್‌ನದು. ನನ್ನ ಹಾಳೆಯಲ್ಲಿ ಅಲ್ಲಲ್ಲಿ ಒಂದೊಂದು ಸ್ವರ, ಅದೂ ಅವಳು ಊದುತ್ತಿರುವುದೇ ಸ್ವರ. ಅಚ್ಚಿನ ತಪ್ಪು ಇರಬೇಕು ಅಂದುಕೊಂಡೆ. ನಾಲ್ಕನೇ ಹಾರ್ನ್‌ನ ಮೇಷ್ಟ್ರು ವಿವರಿಸಿದರು. ಅಲ್ಲಿ ಉದ್ದುದ್ದ ಸ್ವರಗಳಿವೆ, ಒಬ್ಬರ ಉಸಿರಿಗೆ ನಿಲ್ಲುವುದಿಲ್ಲ, ನಡುವೆ ಉಸಿರು ತೆಗೆದುಕೊಂಡರೆ ಧಾಟಿ ಕಡಿಯುತ್ತದೆ. ಅದಕ್ಕೆ ಬ್ರಾಮ್ಸ್ ಮಾಡಿದ ಉಪಾಯ ಇದು. ಮೊದಲ ಹಾರ್ನ್‌ನವರು ಉದ್ದ ಸ್ವರಕ್ಕೆ ಬಂದಾಗ ಎರಡನೆಯವರು ಅದೇ ಸ್ವರವನ್ನು ಸದ್ದಿಲ್ಲದೆ ಹಿಡಿದುಕೊಳ್ಳಬೇಕು. ಮೊದಲಿನವರು ಬಿಟ್ಟು ಉಸಿರೆಳೆದುಕೊಂಡು ಮುಂದಿನದಕ್ಕೆ ಹೋಗುತ್ತಾರೆ. ಕೇಳುವವರಿಗೆ ಒಂದೇ ಕೊಂಬು, ಕೊನೆಯಿಲ್ಲದ ಉಸಿರು.

ಮೇಷ್ಟ್ರು ಹೇಳುತ್ತಿದ್ದರು, ನನ್ನ ಕಣ್ಣ ಮುಂದೆ ಮಾರಮ್ಮನ ಗುಡಿಯ ಮುಂದಿನ ಹುಣಿಸೆಮರ. ದೊಡ್ಡ ತಾತ ಊದಿ ಇಳಿಸುವಷ್ಟರಲ್ಲಿ ನಮ್ಮ ತಾತ ಅದನ್ನೇ ಹಿಡಿಯುತ್ತಿದ್ದರು. ದೇವರು ಗುಡಿ ಸುತ್ತುವಾಗ ದನಿ ನಿಲ್ಲಬಾರದು, ನಿಂತರೆ ಅಪಶಕುನ. ನಾನು ಚಿಕ್ಕವನಿದ್ದಾಗ ಕೊಂಬು ಒಂದೇ ಅಂದುಕೊಂಡಿದ್ದೆ, ಒಬ್ಬರೇ ಸಾಕಾಗುವಾಗ ತಾತ ಯಾಕೆ ಹೋಗುತ್ತಾರೆ ಅಂತ ಅವ್ವನನ್ನು ಕೇಳಿದ್ದೆ.

ಈಗ ನನ್ನ ತಪ್ಪಿನ ಮಾತು. ಕಛೇರಿಗೆ ಮೂರು ವಾರ ಇದ್ದಾಗ ಎಲ್ಲರೂ ಊರಾಚೆ ಒಂದು ವಸತಿಗೃಹಕ್ಕೆ ಹೋಗಿ ಎರಡು ದಿನ ಪೂರ್ತಿ ತಾಲೀಮು ಮಾಡುವುದು ವಾಡಿಕೆ. ಹೊರಗೆ ಹಿಮ, ಒಳಗೆ ಎಂಬತ್ತು ಜನ. ಆ ಜಾಗ ಬಂತು. ನಾನು ಒಂದು ಆವರ್ತ ಮುಂಚೆ ಊದಿಬಿಟ್ಟೆ. ಅಷ್ಟೇ ಆಗಿದ್ದರೆ ಸರಿ, ಗಾಬರಿಯಲ್ಲಿ ಸ್ವರವೂ ಒಡೆಯಿತು. ಸಿ ಶ್ರುತಿಯ ಹಾರ್ನ್‌ಗೆ ಅಂತ ಬರೆದದ್ದನ್ನು ಎಫ್ ಹಾರ್ನ್‌ನವರು ಮನಸ್ಸಿನಲ್ಲೇ ಇಳಿಸಿಕೊಂಡು ಓದಬೇಕು, ಅದೂ ಜಾರಿತು. ನಿರ್ದೇಶಕರು ಕೋಲು ಇಳಿಸಿದರು. ಎಲ್ಲರೂ ಹಿಂದೆ ತಿರುಗಿ ನೋಡಲಿಲ್ಲ, ಅದು ಅವರ ಮರ್ಯಾದೆ. ನಾನೇ ಕೈ ಎತ್ತಿದೆ. "ಮತ್ತೊಮ್ಮೆ" ಅಂದರು. ಮತ್ತೊಮ್ಮೆ ಸಮಯಕ್ಕೆ ಬಂದೆ, ಆದರೆ ಸೇರಿಕೊಂಡದ್ದು ಕೇಳಿಸಿತು, ಬಟ್ಟೆಗೆ ತೇಪೆ ಹಾಕಿದ ಹಾಗೆ. ಮೂರನೇ ಸಲವೂ ಹಾಗೇ. ನಿರ್ದೇಶಕರು ಮುಂದೆ ಹೋದರು. ಬಿಡುವಿನಲ್ಲಿ ಆ ಹುಡುಗಿ ಹತ್ತಿರ ಬಂದು, ಬೇಕಾದರೆ ಆ ಸ್ವರಗಳನ್ನು ಮೂರನೇ ಹಾರ್ನ್‌ನವರಿಗೆ ಕೊಡಬಹುದು, ಯೋಚನೆ ಮಾಡಿ ಅಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಅವಳ ಜೀವನದ ಮೊದಲ ದೊಡ್ಡ ಒಂಟಿ ಭಾಗ ಅದು, ಕೇಳಲು ಅವಳ ತಂದೆತಾಯಿ ಬರುವವರಿದ್ದರು.

ಸಾಫ್ಟ್‌ವೇರಿನಲ್ಲಿ ತಪ್ಪು ಬಿಟ್ಟರೆ ಹಿಂದಿನ ವರ್ಷನ್‌ಗೆ ಮರಳಬಹುದು, ರಾತ್ರಿ ಹನ್ನೆರಡಕ್ಕೆ ಫೋನ್ ಬರುತ್ತದೆ, ಬೈಸಿಕೊಳ್ಳುತ್ತೇವೆ, ಸರಿ ಮಾಡುತ್ತೇವೆ. ಇಲ್ಲಿ ಅದಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಊರಿನಲ್ಲಿ ಬೆಳಗಾಗುವುದನ್ನೇ ಕಾದು ಚಿಕ್ಕಪ್ಪನಿಗೆ ಫೋನ್ ಮಾಡಿದೆ. ತಾತನ ನಂತರ ಕೊಂಬು ಹಿಡಿದವರು ಚಿಕ್ಕಪ್ಪ. ಹಾಲಿನ ಡೇರಿಗೆ ಹೋಗುವ ದಾರಿಯಲ್ಲಿದ್ದರು. "ಚಿಕ್ಕಪ್ಪ, ತಾತ ದೊಡ್ಡ ತಾತನ ದನಿ ಹೆಂಗೆ ಹಿಡೀತಿದ್ರು? ಎಣಿಸ್ತಿದ್ರಾ?" ಅಂತ ಕೇಳಿದೆ. ಚಿಕ್ಕಪ್ಪ ನಕ್ಕರು. "ಎಣ್ಸೋಕೆ ಅದೇನು ಕುರಿಯಾ? ಉಸ್ರು ಕೇಳುಸ್ಕಬೇಕು ಕಣ್ಲಾ. ಅಣ್ಣನ ಉಸ್ರು ಮುಗಿಯಾಕೆ ಬತ್ತಿದ್ದಂಗೆ ದನಿ ಸಣ್ಣಾಯ್ತದೆ. ಆಗ ನೀನು ಅದ್ಕಿಂತ ಸಣ್ಣುಕೆ ಒಳಕ್ಕೆ ಹೋಗ್ಬೇಕು. ನೀನು ಹೋಗಿದ್ದು ನಿಂಗೇ ಗೊತ್ತಾಗ್ಬಾರ್ದು." ಆಮೇಲೆ, "ಯಾಕ್ಲಾ, ಅಲ್ಲೂ ಹಬ್ಬವಾ?" ಅಂದರು. ಹೌದು ಅಂದೆ.

ಮರುದಿನ ಆ ಹುಡುಗಿಗೆ ಹೇಳಿದೆ, ಒಂದು ಗಂಟೆ ಕೊಡಿ, ನಾವಿಬ್ಬರೇ ಊದೋಣ. ಕಾಗದ ತೆಗೆದಿಟ್ಟೆವು. ಅವಳು ಊದಿದಳು, ನಾನು ಮೊದಲು ಊದದೆ ಕೇಳಿದೆ. ಅವಳ ಉಸಿರು ಎಲ್ಲಿ ತೆಳುವಾಗುತ್ತದೆ ಅನ್ನುವುದು ನಾಲ್ಕೈದು ಸಲಕ್ಕೆ ಕಿವಿಗೆ ಸಿಕ್ಕಿತು. ಎಣಿಕೆ ಬೇಡ ಅಂತ ನಾನು ಹೇಳುತ್ತಿಲ್ಲ ಮಕ್ಕಳೇ, ಎಣಿಸದಿದ್ದರೆ ಆ ಜಾಗಕ್ಕೆ ಬಂದು ಸೇರುವುದೇ ಇಲ್ಲ. ಅಲ್ಲಿಗೆ ಬಂದ ಮೇಲೆ ಎಣಿಕೆ ಬಿಡಬೇಕು. ಹತ್ತನೆಯದೋ ಹನ್ನೆರಡನೆಯದೋ ಸಲ ಅವಳು ಊದುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿ, ನೀವು ಊದಲೇ ಇಲ್ಲವಲ್ಲ ಅಂದಳು. ನಾನು ಊದಿದ್ದೆ.

ಮೈಸೂರಿನ ಹೆಸರು ಅಲ್ಲಿ ನನಗೆ ಇನ್ನೊಂದು ಕಡೆಯಿಂದ ಎದುರಾಯಿತು, ನಡುವೆ ಹೇಳಿಬಿಡುತ್ತೇನೆ. ರಿಚರ್ಡ್ ಸ್ಟ್ರಾಸ್ ಅಂತ ಇನ್ನೊಬ್ಬ ದೊಡ್ಡ ಸಂಗೀತಕಾರರು. ಅವರ ತಂದೆ ಮ್ಯೂನಿಕ್ಕಿನ ಆಸ್ಥಾನದಲ್ಲಿ ಹೆಸರಾದ ಹಾರ್ನ್ ವಾದಕರು. ಸ್ಟ್ರಾಸ್ 1949ರಲ್ಲಿ ತೀರಿಕೊಂಡರು. ಕೊನೆಯಲ್ಲಿ ಬರೆದ ನಾಲ್ಕು ಹಾಡುಗಳ ಮೊದಲ ಕಛೇರಿ 1950ರ ಮೇ 22ರಂದು ಲಂಡನ್ನಿನಲ್ಲಿ ನಡೆಯಿತು. ಅದಕ್ಕೆ ಹಣದ ಭರವಸೆ ಕೊಟ್ಟವರು ನಮ್ಮ ಜಯಚಾಮರಾಜೇಂದ್ರ ಒಡೆಯರು. ಅದರಲ್ಲಿ ಒಂದು ಹಾಡು ಮುಗಿಯುವಾಗ ಹಾಡುವವರು ಸುಮ್ಮನಾದ ಮೇಲೆ ಒಂದು ಹಾರ್ನ್ ಮಾತ್ರ ಮುಂದುವರಿಯುತ್ತದೆ. ನಾನು ಮೈಸೂರಿನ ಕಡೆಯವನು ಅಂದಾಗ ನಮ್ಮ ನಿರ್ದೇಶಕರು ಈ ವಿಷಯ ಎತ್ತಿದರು. ಜರ್ಮನಿಯಲ್ಲಿ ಕೂತು ನಮ್ಮ ಮಹಾರಾಜರ ವಿಷಯ ಜರ್ಮನರಿಂದ ತಿಳಿದುಕೊಂಡ ನಾಚಿಕೆ ನನ್ನದು.

ಕಛೇರಿಯ ದಿನ ಫೆಬ್ರವರಿ, 2018. ಎಲ್ಲರಿಗೂ ಕಪ್ಪು ಬಟ್ಟೆ. ನನ್ನ ಬಾಯಿ ಒಣಗಿತ್ತು. ಗಣಿತದ ಮೇಷ್ಟ್ರು ಬಾಳೆಹಣ್ಣು ಕೊಟ್ಟರು, ಹಾರ್ನ್‌ನವರೆಲ್ಲ ಕಛೇರಿಗೆ ಮುಂಚೆ ಬಾಳೆಹಣ್ಣು ತಿನ್ನುತ್ತಾರೆ ಅಂತ ಅವರ ನಂಬಿಕೆ. ಮೊದಲ ಮೂರು ಭಾಗ ಹೇಗೆ ಹೋಯಿತು ಅಂತ ನನಗೆ ನೆನಪಿಲ್ಲ. ಕೊನೆಯ ಭಾಗ ಬಂತು. ನಗಾರಿ ಗುಡುಗಿ ಇಳಿಯಿತು. ವಯೊಲಿನ್‌ಗಳು ಬಾಯಿ ಕಟ್ಟಿದ ದನಿಯಲ್ಲಿ ನಡುಗಲು ಶುರು ಮಾಡಿದವು, ಗದ್ದೆಯ ಮೇಲೆ ಮಂಜು ಕೂತ ಹಾಗೆ. ಅವಳು ಎತ್ತಿದಳು. ನಾನು ಗೆಣ್ಣಿನ ಮೇಲೆ ಎಣಿಸುತ್ತಿದ್ದ ಹೆಬ್ಬೆರಳು ತೆಗೆದೆ. ಅವಳ ಉಸಿರು ತೆಳುವಾಯಿತು, ಹಿಡಿದುಕೊಂಡೆ. ಅವಳು ಬಿಟ್ಟಳು, ಒಂದು ಕ್ಷಣ ಆ ಸಾವಿರ ಜನರ ಸಭಾಂಗಣದಲ್ಲಿ ಧಾಟಿ ನನ್ನೊಬ್ಬನ ತುಟಿಯ ಮೇಲಿತ್ತು, ಯಾರಿಗೂ ಗೊತ್ತಿಲ್ಲದೆ. ಅವಳು ಮತ್ತೆ ತೆಗೆದುಕೊಂಡಳು. ಹೀಗೇ ಕೊನೆಯವರೆಗೆ. ಎಲ್ಲೂ ತೇಪೆ ಕಾಣಲಿಲ್ಲ. ಆಮೇಲೆ ಅದೇ ಧಾಟಿಯನ್ನು ಕೊಳಲು ಎತ್ತಿಕೊಂಡಿತು. ನಾನು ಕೊಳವೆ ಕಳಚಿ ನೀರು ಕೊಡವಿದೆ.

ಮುಗಿದ ಮೇಲೆ ನಿರ್ದೇಶಕರು ಒಬ್ಬೊಬ್ಬರನ್ನೇ ಕೈ ತೋರಿಸಿ ಎದ್ದು ನಿಲ್ಲಿಸುತ್ತಾರೆ, ಜನ ಚಪ್ಪಾಳೆ ಹೊಡೆಯುತ್ತಾರೆ. ಮೊದಲ ಹಾರ್ನ್ ಅಂತ ಕೈ ತೋರಿಸಿದರು. ಅವಳು ಎದ್ದಳು. ಎದ್ದವಳು ನನ್ನ ತೋಳು ಹಿಡಿದು ಎಳೆದಳು. ಎರಡನೆಯವರು ಏಳುವ ಪದ್ಧತಿ ಇಲ್ಲ, ನಾನು ಬೇಡ ಅಂದೆ. ಬಿಡಲಿಲ್ಲ. ಎದ್ದೆ. ಎದುರಿಗೆ ಅಷ್ಟು ಜನ. ನನಗೆ ಕಂಡದ್ದು ಸಭಾಂಗಣದ ಹಿಂದಿನ ಬಾಗಿಲು. ಅದರ ಆಚೆ ಯಾರಾದರೂ ನಿಂತಿರಬಹುದೇ ಅಂತ ನೋಡಿದೆ.

ರಾತ್ರಿ ಎಲ್ಲರೂ ಊಟಕ್ಕೆ ಸೇರಿದಾಗ ಅವರಿಗೆ ತಾತನ ವಿಷಯ ಹೇಳಿದೆ, ಬೇಲಿಯ ವಿಷಯವನ್ನೂ ಹೇಳಿದೆ. ಫೋಟೊ ತೋರಿಸು ಅಂದರು. ತಾತ ಕೊಂಬು ಹಿಡಿದ ಫೋಟೊ ಒಂದೂ ಇಲ್ಲ. ವೋಟಿನ ಗುರುತಿನ ಚೀಟಿಯಲ್ಲಿರುವ ಆ ಬೆಳ್ಳನೆಯ ಮುಖವೇ ಇರುವುದು. ಅದನ್ನೇ ತೋರಿಸಿದೆ.

ಇಷ್ಟನ್ನು ಜರ್ಮನಿಯಲ್ಲಿ, ಗೊತ್ತಿಲ್ಲದವರ ಮುಂದೆ, ಬಾರದ ಭಾಷೆಯಲ್ಲಿ ಹೇಳಿದವನು ಈ ಊರಿನಲ್ಲಿ ಹೇಳಲು ಮತ್ತೆ ಇಷ್ಟು ವರ್ಷ ತೆಗೆದುಕೊಂಡೆ. ಅವತ್ತು ಪಕ್ಕದಲ್ಲಿ ನಿಂತು ಕೇಳಿದ ಗೆಳೆಯ ಇವತ್ತು ಇಲ್ಲೇ, ಧ್ವನಿವರ್ಧಕದ ಹತ್ತಿರ ಕೂತಿದ್ದಾನೆ. ಅವರು ಯಾರು ಅಂತ ಕೇಳಿದ್ದೆಯಲ್ಲಪ್ಪ, ಅವರು ನಮ್ಮ ತಾತ.

ನಿನ್ನೆ ಸ್ಟಾಫ್ ರೂಮಿನ ಬೀರು ತೆಗೆಸಿ ನೋಡಿದೆ. ನಾಲ್ಕು ಬ್ಯೂಗಲ್ಲೂ ಇವೆ. ಎರಡು ಜಜ್ಜಿವೆ, ಒಂದಕ್ಕೆ ಬಾಯಿತುಂಡು ಇಲ್ಲ. ಜಜ್ಜಿದ್ದನ್ನು ಮೈಸೂರಿನಲ್ಲಿ ತೆಗೆಯುತ್ತಾರೆ, ಬಾಯಿತುಂಡು ನಾನು ತರಿಸುತ್ತೇನೆ. ತಿಂಗಳಿಗೆ ಎರಡು ಶನಿವಾರ ನಾನು ಊರಿಗೆ ಬರುತ್ತೇನೆ, ಬೆಳಗಿನ ತರಗತಿ ಮುಗಿದ ಮೇಲೆ ಒಂದು ಗಂಟೆ ಹೇಳಿಕೊಡಲು ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಹುಡುಗಿಯರೂ ಬರಬೇಕು. ನಮ್ಮ ಮೊದಲ ಹಾರ್ನ್ ಹುಡುಗಿ ಅಂತ ಆಗಲೇ ಹೇಳಿದೆ.

ಹೊತ್ತಾಯಿತು, ಅಡಿಗೆಯವರು ಕೈ ತೋರಿಸುತ್ತಿದ್ದಾರೆ. ಒಂದು ಕೆಲಸ ಉಳಿದಿದೆ. ನಮ್ಮ ಚಿಕ್ಕಪ್ಪ ಮೂರನೇ ಸಾಲಿನಲ್ಲಿದ್ದಾರೆ, ತಾತನ ಕೊಂಬು ತಂದಿದ್ದಾರೆ. ಚಿಕ್ಕಪ್ಪ, ಮೇಲೆ ಬನ್ನಿ. ಚಪ್ಪಲಿ ಇರಲಿ, ಹಾಗೇ ಬನ್ನಿ. ಎರಡರ ಶ್ರುತಿ ಹೊಂದುವುದಿಲ್ಲ, ಕೊಂಬಿನದು ಸ್ವಲ್ಪ ಇಳಿದಿದೆ. ನಾನು ಕೈ ಒಳಗೆ ಹಾಕಿ ನನ್ನದನ್ನು ಅದಕ್ಕೆ ಇಳಿಸಿಕೊಳ್ಳುತ್ತೇನೆ. ಮೊದಲು ಚಿಕ್ಕಪ್ಪ ಊದುತ್ತಾರೆ. ನಾನು ಎರಡನೆಯವನು.